ಎಡಗೈ ಕೆಲಸ

ಮೇ 2, ಸೋಮವಾರ

ಹೋದ ವರ್ಷದ ಹಾಜರಿ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿದೆ. ದಂಡ ಮಾಡುವುದೇಕೆಂದು ಈ ಬೇಸಿಗೆಯ ದಿನಚರಿಗೆ ಅದನ್ನೇ ಇಟ್ಟುಕೊಂಡಿದ್ದೇನೆ.

ಇಂದಿನಿಂದ ಆರು ವಾರ ಚರ್ಚಿನ ರಿಪೇರಿ ತಂಡಕ್ಕೆ ನಾನೇ ಮುಂದಾಳು. ಇದು ನಾಲ್ಕನೇ ಬೇಸಿಗೆ. ಹತ್ತು ಜನ ಸೇರಿ, ವಯಸ್ಸಾದವರು, ಕಾಯಿಲೆಯವರು, ಕೈಲಾಗದವರು ಇರುವ ಮನೆಗಳನ್ನು ಒಂದೊಂದಾಗಿ ರಿಪೇರಿ ಮಾಡಿಕೊಡುತ್ತೇವೆ. ಸೋರುವ ಸೂರು, ಕಿತ್ತ ನೆಲ, ಕೂರದ ಚಿಲಕ. ಬೆಳಗಿನ ಪ್ರಾರ್ಥನೆ ನಾನೇ ಮಾಡಿದೆ. ಏಳು ನಿಮಿಷ ಆಯಿತಂತೆ. ಬಸ್ ಓಡಿಸುವ ನಮ್ಮ ಮಾತಿನಮಲ್ಲ "ಆಮೆನ್" ಮುಗಿದ ಕೂಡಲೇ, "ಟೀಚರಕ್ಕ, ನಿಮ್ಮ ಪ್ರಾರ್ಥನೇಲಿ ಸ್ಟಾಪು ಕಮ್ಮಿ, ರೂಟು ಉದ್ದ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಾಳೆಯೂ ಏಳು ನಿಮಿಷವೇ ಮಾಡುವವಳು.

ಮೇಸ್ತ್ರಿ ಈ ವರ್ಷವೂ ಬಂದಿದ್ದಾರೆ. ಎಪ್ಪತ್ತೆರಡು ವಯಸ್ಸು, ಐವತ್ತು ವರ್ಷದ ಗಾರೆ ಕೆಲಸ. ಮೊದಲ ಬೇಸಿಗೆಯಲ್ಲಿ ಕರಣೆ ಹಿಡಿಯಲೂ ಬಾರದ ಈ ಲೆಕ್ಕದ ಟೀಚರಿಗೆ ಗಾರೆ ಬಳಿಯುವುದನ್ನು ಕಲಿಸಿದವರು ಅವರೇ. ನಾನು ಎಡಚಿ. "ಎಡಗೈಯವರಿಗೆ ನಾನು ಯಾವತ್ತೂ ಕಲಿಸಿಲ್ಲ ಮಗಳೇ. ನನ್ನೆದುರು ನಿಂತ್ಕೋ, ಕನ್ನಡಿ ನೋಡಿದ ಹಾಗೆ ನೋಡಿ ಕಲಿ" ಎಂದು ಎದುರುಬದುರು ನಿಂತು ಕಲಿಸಿದ್ದರು.

ಎಡಗೈ ಕೆಲಸವೂ ಈ ವರ್ಷ ಉಂಟು. ಅದು ನಾನೇ ಹುಟ್ಟುಹಾಕಿದ ಪದ್ಧತಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುತ್ತಾರಲ್ಲ, ಹಾಗೆ ಪ್ರತಿ ಮನೆಯಲ್ಲೂ ಪಟ್ಟಿಯಲ್ಲಿ ಇಲ್ಲದ ಒಂದು ಸಣ್ಣ ರಿಪೇರಿಯನ್ನು ಗುಟ್ಟಾಗಿ ಮಾಡಬೇಕು. ಮನೆಯವರಿಗೂ ಹೇಳುವಂತಿಲ್ಲ, ತಂಡದವರಿಗೂ ಹೇಳುವಂತಿಲ್ಲ. ಮೊಳೆ ಡಬ್ಬದಲ್ಲಿ ಹತ್ತು ಚೀಟಿ ಹಾಕಿ ಎತ್ತುತ್ತೇವೆ. ಚುಕ್ಕೆ ಇಟ್ಟ ಚೀಟಿ ಬಂದವರದು ಆ ಮನೆಯ ಎಡಗೈ ಕೆಲಸ. ಹೋದ ವರ್ಷ ಸಭಾಪಾಲಕರು ಪ್ರಸಂಗದಲ್ಲೇ ಇದನ್ನು ಹೊಗಳಿದ್ದರು. "ಟೀಚರಕ್ಕಂಗೆ ಚುಕ್ಕೆ ಬಂದ್ರೆ ಕಷ್ಟ" ಎಂದ ಮಾತಿನಮಲ್ಲ. "ಅವರು ಮಾಡೋದೆಲ್ಲ ಎಡಗೈಯಲ್ಲೇ. ಎಡಗೈಗೆ ಗೊತ್ತಾಗದ ಹಾಗೆ ಹೇಗೆ ಮಾಡ್ತಾರೆ?"

ಮನೆಗೆ ಬಂದರೆ ಅಡುಗೆಮನೆಯ ನಲ್ಲಿ ಎಂದಿನಂತೆ ತೊಟ್ಟಿಕ್ಕುತ್ತಿತ್ತು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಮನೆಗೆ ಮಾರಿ, ಪರರಿಗೆ ಉಪಕಾರಿ" ಎಂದರು. ಗಾದೆ ಹೇಳಲು ಪುರುಸೊತ್ತಿದೆ, ವಾಷರ್ ತರಲು ಇಲ್ಲ.

ಮೇ 7, ಶನಿವಾರ

ಮೊದಲ ಮನೆ ಮುಗಿಯಿತು. ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಿಟಕಿಯ ಕೊಕ್ಕೆಯನ್ನು ಯಾರೋ ಸರಿ ಮಾಡಿದ್ದಾರೆ. ಯಾರೆಂದು ಕೇಳುವಂತಿಲ್ಲ. ಮೇಸ್ತ್ರಿ ಮೀಸೆಯೊಳಗೇ ನಗುತ್ತಿದ್ದರು. ಪಾಪ, ಅವರಿಗೆ ಗುಟ್ಟು ಬಚ್ಚಿಡಲು ಬರುವುದಿಲ್ಲ.

ಮೇ 9, ಸೋಮವಾರ

ಎರಡನೆಯದು ಟೈಲರಮ್ಮನ ಮನೆ. ನಲವತ್ತು ವರ್ಷ ಊರವರಿಗೆಲ್ಲ ಬಟ್ಟೆ ಹೊಲಿದುಕೊಟ್ಟವರು. ಈಗ ಕಣ್ಣು ಮಂಜಾಗಿ, ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಮಾತ್ರ ಕಾಣುತ್ತದೆ. ಆದರೂ ಬೆರಳಲ್ಲೇ ತಡವಿ ಅಂಚು ಹೊಲಿಯುತ್ತಾರೆ, ಸೂಜಿಗೆ ನಾಲಿಗೆಯ ತುದಿಯಲ್ಲಿ ದಾರ ಪೋಣಿಸುತ್ತಾರೆ. ಜೊತೆಗೆ ಅವರ ತಂಗಿ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಮಾತು ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ. "ನೀವು ಪ್ರಾರ್ಥನೆ ಮಾಡೋರೋ, ಕೆಲಸ ಮಾಡೋರೋ ಮೊದಲು ಹೇಳಿ" ಎಂದು ಬಾಗಿಲಲ್ಲೇ ಕೇಳಿದರು.

ಪಟ್ಟಿ: ಬಚ್ಚಲುಮನೆಯ ನೆಲ, ಅಡುಗೆಮನೆಯ ಸೂರು, ಗೋಡೆಗಳಿಗೆ ಬಣ್ಣ. ನಾಳೆಯಿಂದ ಶನಿವಾರದವರೆಗೆ ಅಕ್ಕತಂಗಿಯರು ಪಕ್ಕದ ಮನೆಯಲ್ಲಿರುತ್ತಾರೆ.

ಹಿಂಬಾಗಿಲಿಂದ ಹಿತ್ತಲಿಗೆ ಎರಡು ಮೆಟ್ಟಿಲು. ಮೇಲಿನದು ಸವೆದು ಕುಸಿದು, ಬಾಗಿಲಿಂದ ಅದಕ್ಕೆ ಇಳಿಯುವುದೆಂದರೆ ಬಾವಿಗೆ ಕಾಲಿಟ್ಟಂತೆ. ಎರಡನೆಯದು ಅಲ್ಲೇ ಕಾಲಿಗೆ ತಾಗುತ್ತದೆ. ಪಟ್ಟಿ ಹಿಡಿದು ಇಳಿಯುತ್ತಿದ್ದ ನಾನು ಮುಗ್ಗರಿಸಿ ಗೋಡೆ ಹಿಡಿದುಕೊಂಡೆ. ಟೈಲರಮ್ಮ ಮಾತ್ರ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಆರಾಮವಾಗಿ ಇಳಿದರು. ಇಳಿಯುವಾಗ ಬಾಯಲ್ಲಿ ಏನೋ ಗುನುಗು: "ಉದ್ದ... ಗಿಡ್ಡ... ನೆಲ." ತೋಳಿನ ಅಳತೆ ನೆನಪಿಟ್ಟುಕೊಳ್ಳುತ್ತಿದ್ದಾರೇನೋ ಅಂದುಕೊಂಡೆ. ಹೊಲಿಗೆಯವರಿಗೆ ನಿದ್ದೆಯಲ್ಲೂ ಅಳತೆ.

ಚುಕ್ಕೆ ಚೀಟಿ ನನಗೆ ಬಂತು.

ಮೇ 11, ಬುಧವಾರ

ಇವತ್ತು ಮಾಡಿ ಮುಗಿಸಿದೆ. ಇಲ್ಲಿ ಬರೆದರೆ ತಪ್ಪೇನಿಲ್ಲ. ಈ ಪುಸ್ತಕಕ್ಕೆ ಕೈಯಿಲ್ಲ, ಎಡವೂ ಇಲ್ಲ, ಬಲವೂ ಇಲ್ಲ.

ಎಲ್ಲರೂ ಊಟಕ್ಕೆಂದು ಚರ್ಚಿನ ಹಾಲಿಗೆ ಹೋದರು. ಮೇಸ್ತ್ರಿ ಮಾತ್ರ ಮುಂದಿನ ಜಗಲಿಯಲ್ಲಿ ಟವೆಲ್ ಹಾಸಿ ಮಲಗಿದ್ದರು. ನಾನು ಬಣ್ಣ ತರಲು ಹೋಗುತ್ತೇನೆಂದು ಎಲ್ಲರಿಗೂ ಹೇಳಿ, ಒಂದು ಸುತ್ತು ಹಾಕಿ ಹಿತ್ತಲ ಕಡೆಯಿಂದ ಬಂದೆ. ಒಳ್ಳೆಯದಕ್ಕಾಗಿ ಹೇಳಿದ ಸುಳ್ಳು. ಬಚ್ಚಲ ನೆಲಕ್ಕೆ ಮೇಸ್ತ್ರಿ ಕಲಸಿದ್ದ ಗಾರೆ ಬಾಂಡ್ಲಿಯಲ್ಲಿ ಉಳಿದಿತ್ತು, ಅವರ ಕರಣೆಯೂ ಅಲ್ಲೇ ಇತ್ತು. ಮೇಲಿನ ಮೆಟ್ಟಿಲನ್ನು ಉಜ್ಜಿ ತೊಳೆದು, ಮುರಿದ ಇಟ್ಟಿಗೆ ಕೂರಿಸಿ, ನಾಲ್ಕು ಬೆರಳು ಎತ್ತರಿಸಿದೆ. ಈಗ ಬಾಗಿಲಿಂದ ನೆಲದವರೆಗೆ ಪ್ರತಿ ಹೆಜ್ಜೆಯೂ ಸಮ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಸರಿಯಾಗಿ ನಡುವೆ ನಿಂತಿತು.

ಕರಣೆ ತೊಳೆದು ಇದ್ದ ಜಾಗದಲ್ಲೇ ಇಟ್ಟೆ. ಮೇಸ್ತ್ರಿ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಎಷ್ಟು ಸಂತೋಷವಾಯಿತೆಂದರೆ, ಗೋಡೆಗೆ ಬಣ್ಣ ಬಳಿಯುತ್ತಾ ಹಾಡುತ್ತಿದ್ದೆನಂತೆ.

ಮೇ 14, ಶನಿವಾರ

ಮನೆ ಒಪ್ಪಿಸಿಕೊಟ್ಟೆವು. ಪ್ರಾರ್ಥನೆ, ಫೋಟೋ, ಟೀ. ತಂಗಿಗೆ ಬಚ್ಚಲ ನೆಲ ಮೆಚ್ಚುಗೆಯಾಯಿತು. "ಪ್ರಾರ್ಥನೆ ಉದ್ದ ಆದರೂ ಕೆಲಸ ಗಟ್ಟಿ" ಎಂದರು. ಟೈಲರಮ್ಮ ಹೊಸ ಗೋಡೆ ಸವರಿ, "ನುಣ್ಣಗಿದೆ, ಪಾಪ್ಲಿನ್ ಬಟ್ಟೆ ಮುಟ್ಟಿದ ಹಾಗೆ" ಎಂದರು. ಹಿಂಬಾಗಿಲ ಕಡೆ ಯಾರೂ ಹೋಗಲಿಲ್ಲ. ನಾನೂ ಕರೆದುಕೊಂಡು ಹೋಗಲಿಲ್ಲ. ಗುಟ್ಟಲ್ಲವೇ.

ಮೇ 15, ಭಾನುವಾರ

ಬೆಳಿಗ್ಗೆ ಟೈಲರಮ್ಮ ಹಿಂಬಾಗಿಲಲ್ಲಿ ಬಿದ್ದಿದ್ದಾರೆ. ಬಲಗೈ ಮಣಿಕಟ್ಟು ಮುರಿದಿದೆ. ಹಣೆಗೆ ಐದು ಹೊಲಿಗೆ.

ಮೇ 16, ಸೋಮವಾರ

ಬರೆಯಲೇಬೇಕು.

ನಮ್ಮ ತಂಡದ ನರ್ಸ್ ನಿನ್ನೆ ಆಸ್ಪತ್ರೆಯಲ್ಲಿ ಅವರ ಜೊತೆಗಿದ್ದಳು. ಪೂರ್ತಿ ಕಥೆ ಅವಳೇ ತಂದಳು. ಟೈಲರಮ್ಮ ಎಂದಿನಂತೆ ಬುಟ್ಟಿ ಹಿಡಿದು "ಉದ್ದ" ಎಂದು ಕಾಲು ಇಳಿಬಿಟ್ಟಿದ್ದಾರೆ. ಕಾಲು ಅರ್ಧದಲ್ಲೇ ಗಾರೆಗೆ ಬಡಿದಿದೆ. ಗಾಬರಿಯಾಗಿ "ಗಿಡ್ಡ" ಎಂದು ಇನ್ನೊಂದು ಕಾಲು ಇಟ್ಟರೆ ಅಲ್ಲಿ ಏನೂ ಇಲ್ಲ.

ಅದು ತೋಳಿನ ಅಳತೆಯಾಗಿರಲಿಲ್ಲ. ಕಣ್ಣಿಲ್ಲದವರು ಮೆಟ್ಟಿಲಿಗೆ ಇಟ್ಟುಕೊಂಡ ಲೆಕ್ಕ. ನಾನು ಲೆಕ್ಕದ ಟೀಚರ್. ಕಿವಿಯಾರೆ ಕೇಳಿಸಿಕೊಂಡಿದ್ದೆ. "ಏನಮ್ಮಾ ಅದು?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಬೆಳಗಿನ ಕೂಟಕ್ಕೆ ಸಭಾಪಾಲಕರೂ ಬಂದಿದ್ದರು. ಹೇಳಿಬಿಡಬೇಕೆಂದೇ ಹೋಗಿದ್ದೆ. ನನ್ನ ಮಾತು ಹೊರಡುವ ಮೊದಲೇ ಅವರು, "ಯಾರು ಮಾಡಿದ್ದು ಅಂತ ನಾನು ಕೇಳಲ್ಲ. ಒಳ್ಳೆ ಮನಸ್ಸಿಂದ ಮಾಡಿದ್ದು. ಅದು ಮಾಡಿದವರಿಗೂ ದೇವರಿಗೂ ಬಿಟ್ಟದ್ದು" ಎಂದರು. ತೆರೆದ ಬಾಯಿ ಮುಚ್ಚಿಕೊಂಡೆ. ಅಷ್ಟು ದೊಡ್ಡ ಕೊಡೆ ಬಿಚ್ಚಿ ಹಿಡಿದರೆ ಯಾರು ತಾನೇ ಅದರಡಿ ನಿಲ್ಲುವುದಿಲ್ಲ?

ಅಷ್ಟರಲ್ಲಿ ಯಾರೋ, "ಮೇಸ್ತ್ರಿ, ಗಾರೆ ಕಲಸಿದ್ದು ನೀವೊಬ್ಬರೇ ಅಲ್ವಾ? ಊಟದ ಹೊತ್ತಲ್ಲೂ ಅಲ್ಲೇ ಇದ್ರಿ" ಎಂದರು. ಕೆಟ್ಟ ಬುದ್ಧಿಯಿಂದ ಕೇಳಿದ್ದಲ್ಲ. ಮೇಸ್ತ್ರಿ, "ಇಲ್ಲಪ್ಪ, ನಾನು ಮುಟ್ಟಿಲ್ಲ" ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ಚುಕ್ಕೆ ಚೀಟಿ ನಂಗೆ ಬಂದಿತ್ತು... ಅದು ಮೊದಲನೇ ಮನೇಲಾ, ಇಲ್ಲಾ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಕೊನೆಗೆ ಮೆಲ್ಲಗೆ, "ಮಾಡಿದ್ರೂ ಮಾಡಿರಬಹುದು" ಎಂದರು.

ಕೊಕ್ಕೆ ಸರಿ ಮಾಡಿದ್ದು ನೀವು, ಅದು ಮೊದಲನೇ ಮನೆ. ಈ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ನುಂಗಿದೆ.

ಮೇ 18, ಬುಧವಾರ

ಮೇಸ್ತ್ರಿ ಎರಡು ದಿನದಿಂದ ಬಂದಿಲ್ಲ. ಪ್ರಾರ್ಥನೆಯನ್ನು ನರ್ಸ್ ಮಾಡಿದಳು. ನನಗೆ ಗಂಟಲು ಸರಿಯಿಲ್ಲ.

ಮೇ 22, ಭಾನುವಾರ

ಆರಾಧನೆ ಮುಗಿದ ಮೇಲೆ ಮೇಸ್ತ್ರಿಯ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಟೀಚರ್, ಅಪ್ಪನ ಸಾಮಾನಿನ ಚೀಲ ನಾನು ಎತ್ತಿಟ್ಟಿದೀನಿ. ಕೇಳಿದ್ರೆ ಬೇರೆ ಸಾಮಾನೂ ಕೊಡಬೇಡಿ ಅಂತ ಎಲ್ರಿಗೂ ಹೇಳಿಬಿಡಿ. ಒಂದು ಮೆಟ್ಟಿಲನ್ನೇ ಕಟ್ಟಿ ಮರೆತುಬಿಡ್ತಾರೆ ಅಂದ್ರೆ, ನಾಳೆ ಸ್ಟವ್ ಹಚ್ಚಿ ಮರೆಯಲ್ಲ ಅಂತ ಏನು ಗ್ಯಾರಂಟಿ? ನಮ್ಮನೆಗೆ ಕರ್ಕೊಂಡು ಬಂದಿದೀನಿ. ಒಬ್ಬರನ್ನೇ ಹೊರಗೆ ಬಿಡ್ತಿಲ್ಲ. ಮುಂದಿನ ತಿಂಗಳು ಹತ್ತನೇ ತಾರೀಖು ಮರೆವಿನ ಡಾಕ್ಟರಿಗೆ ತೋರಿಸ್ತೀವಿ."

ಅವಳ ಕಣ್ಣಲ್ಲಿ ನೀರಿತ್ತು. ನಾನು ಅವಳ ಭುಜ ತಟ್ಟಿದೆ. ಎಡಗೈಯಲ್ಲಿ.

ಮೇ 24, ಮಂಗಳವಾರ

ದಿನಾ ಸಂಜೆ ಕೆಲಸ ಮುಗಿಸಿ ಟೈಲರಮ್ಮನ ಮನೆಗೆ ಹೋಗುತ್ತಿದ್ದೇನೆ. ತಂಗಿ ಲಾಂಡ್ರಿಯಿಂದ ಬರುವವರೆಗೆ ತಲೆ ಬಾಚುವುದು, ಊಟ ಮಾಡಿಸುವುದು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಅದನ್ನು ಬಿಚ್ಚುವತನಕ ಕೈಕಟ್ಟಿ ಕೂರುವುದಕ್ಕಾಗದೆ, ಎಡಗೈಯಲ್ಲಿ ಹೊಲಿಯುವುದನ್ನು ಕಲಿಸು ಎಂದು ನನ್ನನ್ನೇ ಕೇಳಿದರು. ಎದುರುಬದುರು ಕುಳಿತು, ನನ್ನ ಬೆರಳ ಮೇಲೆ ಅವರ ಬೆರಳು ಇಡಿಸಿಕೊಂಡು ಕಲಿಸಿದೆ. ಇಪ್ಪತ್ತು ಸಲ ಚುಚ್ಚಿಕೊಂಡರು. "ಈ ವಯಸ್ಸಲ್ಲಿ ಒಂದನೇ ಕ್ಲಾಸು" ಎಂದು ನಕ್ಕರು.

"ಮೇಸ್ತ್ರಿ ಮೇಲೆ ನಂಗೆ ಸಿಟ್ಟಿಲ್ಲ ಕಣಮ್ಮ" ಎಂದರು ಆಮೇಲೆ. "ಆದರೆ ಹಿಂಬಾಗಿಲು ಅಂದ್ರೆ ಎದೆ ಹೊಡ್ಕೊಳ್ಳುತ್ತೆ. ಈ ಮನೇಲಿ ನಂಗೆ ಕಣ್ಣು ಬೇಕಾಗಿರಲಿಲ್ಲ. ಈಗ ಪ್ರತಿ ಹೆಜ್ಜೆಗೂ ಇದು ಹಳೇದಾ ಹೊಸದಾ ಅಂತ ತಡವ್ತೀನಿ." ಸ್ವಲ್ಪ ಹೊತ್ತಿನ ಮೇಲೆ, "ನೀನು ಮಾತ್ರ ದೇವರು ಕಳಿಸಿದ ಮಗಳು" ಎಂದರು.

ಬಸ್ಸಿಗೆ ಕಾಯದೆ ಮನೆಯವರೆಗೆ ನಡೆದೇ ಬಂದೆ.

ಮೇ 26, ಗುರುವಾರ

ಇವತ್ತೂ ಹೇಳಲಿಲ್ಲ.

ಮೇ 31, ಮಂಗಳವಾರ

ಈಗ ಕೆಲಸ ನಡೆದಿರುವ ಮನೆ ಕೈಕಾಲು ಸ್ವಾಧೀನವಿಲ್ಲದ ಒಬ್ಬ ಅಂಚೆಯವರದ್ದು. ಈ ಸಲ ಯಾಕೋ ಕೆಲಸವೇ ಮುಂದಕ್ಕೆ ಹೋಗುತ್ತಿಲ್ಲ. ಬೇರೆ ವರ್ಷ ಎರಡು ದಿನದಲ್ಲಿ ಆಗುತ್ತಿದ್ದದ್ದಕ್ಕೆ ನಾಲ್ಕು ದಿನ. ಅಂಚೆಯವರ ಹಾಸಿಗೆಯ ಪಕ್ಕ ಕುಳಿತು, ಈ ಮೊಳೆ ಯಾತಕ್ಕೆ, ಈ ಹಗ್ಗ ಯಾತಕ್ಕೆ, ಈ ಬಾಗಿಲು ಅರ್ಧ ಮುಚ್ಚಿದರೆ ಸಾಕಾ ಎಂದು ವಿಚಾರಿಸುವುದರಲ್ಲೇ ಬೆಳಗು ಕಳೆಯಿತು. ಕಿಟಕಿಗೆ ಅಡ್ಡ ಬಂದ ಕೊಂಬೆಯನ್ನು ಕಡಿಯಬೇಡಿ ಎಂದರು. ಅದರ ಮೇಲೆ ಬರುವ ಅಳಿಲಿಗಾಗಿಯೇ ಅವರು ಬೆಳಿಗ್ಗೆ ಏಳುವುದಂತೆ. ಬಿಟ್ಟೆವು. ಮಾತಿನಮಲ್ಲ, "ಟೀಚರಕ್ಕ ಈಗ ಒಂದು ಮೊಳೆ ಹೊಡೆಯೋಕೂ ಅರ್ಜಿ ಹಾಕ್ತಾರೆ" ಎಂದ. ನನ್ನ ಚುರುಕು ಎಲ್ಲಿ ಹೋಯಿತೋ.

ಚೀಟಿ ಎತ್ತಿಸಲಿಲ್ಲ. ಡಬ್ಬ ಕಾಣಿಸುತ್ತಿಲ್ಲ ಎಂದೆ. ಅದು ನನ್ನ ಚೀಲದಲ್ಲೇ ಇದೆ.

ಜೂನ್ 3, ಶುಕ್ರವಾರ

ಮೇಸ್ತ್ರಿಯವರನ್ನು ನೋಡಲು ಅವರ ಮಗಳ ಮನೆಗೆ ಹೋದೆ. ಇಳಿದುಹೋಗಿದ್ದಾರೆ. ಸೋಫಾದ ತುದಿಯಲ್ಲಿ, ಬೇರೆಯವರ ಮನೆಗೆ ಬಂದವರಂತೆ ಕುಳಿತಿದ್ದರು. ಕೈಯಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. ನನಗೆ ತೋರಿಸಿದರು. ದಪ್ಪ ದಪ್ಪ ಅಕ್ಷರ: "ಏಳು ಗಂಟೆ. ಟೀ ಕುಡಿದೆ. ಎಂಟು ಗಂಟೆ. ಸ್ನಾನ ಆಯಿತು. ಬಚ್ಚಲ ನಲ್ಲಿ ನಿಲ್ಲಿಸಿದೆ. ಎರಡು ಸಲ ನೋಡಿದೆ, ನಿಂತಿದೆ."

"ಬರೆದಿಟ್ರೆ ಒಳ್ಳೇದು ಅಂತ ಮಗಳು ಹೇಳಿದ್ಲು" ಎಂದರು. "ಐವತ್ತು ವರ್ಷದಲ್ಲಿ ನಾನು ಕಟ್ಟಿದ ಗೋಡೆ ಎಲ್ಲಾ ನೆನಪಿದೆ ಮಗಳೇ. ಯಾವ ಮನೆ, ಯಾವ ಇಟ್ಟಿಗೆ, ಎಲ್ಲಾ. ಆ ಮೆಟ್ಟಿಲು ಮಾತ್ರ ಎಷ್ಟು ಯೋಚಿಸಿದ್ರೂ ಬರ್ತಿಲ್ಲ. ಈಗ ಉಳಿದದ್ದರ ಮೇಲೂ ಅನುಮಾನ. ನನ್ನ ಹೆಂಡತಿ ಸತ್ತ ದಿನ ಮಳೆ ಬಂದಿತ್ತು ಅಂತ ನೆನಪು. ನಿಜವಾಗಿ ಬಂದಿತ್ತಾ ಅಂತ ನಿನ್ನೆ ಮಗಳನ್ನ ಕೇಳಿದೆ."

ಆಮೇಲೆ ನೇರವಾಗಿ ನನ್ನ ಮುಖ ನೋಡಿದರು. "ನೀನು ಅಲ್ಲೇ ಇದ್ದೆಯಲ್ಲ. ನಾನು ಆ ಮೆಟ್ಟಿಲಿಗೆ ಕೈ ಹಾಕಿದ್ದು ನೋಡಿದ್ಯಾ?"

"ನೋಡಿಲ್ಲ ಮೇಸ್ತ್ರಿ" ಎಂದೆ.

ಸತ್ಯವನ್ನೇ ಹೇಳಿದೆ. ಇಷ್ಟು ಹೊಲಸು ಸತ್ಯವನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: "ನಾಲ್ಕು ಗಂಟೆ. ಟೀಚರ್ ಮಗಳು ಬಂದಿದ್ದಳು. ಅವಳೂ ನೋಡಿಲ್ಲ."

ಜೂನ್ 5, ಭಾನುವಾರ

ಚರ್ಚಿಗೆ ಹೋಗಲಿಲ್ಲ. ತಲೆನೋವು ಎಂದೆ. ನಮ್ಮ ಮನೆಯವರು ಪೇಪರ್ ಮಡಿಸಿಟ್ಟು, "ಏನಾಗಿದೆ ಹೇಳು. ಗಾದೆ ಹೇಳಲ್ಲ" ಎಂದರು. ಹೇಳಿದೆ. ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವರು ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ನಂಗೆ ಹೇಳಿ ಏನು ಬಂತು?" ಎಂದರು. ಅದೂ ನಿಜ.

ಜೂನ್ 9, ಗುರುವಾರ

ನಾಳೆ ಹತ್ತನೇ ತಾರೀಖು, ಡಾಕ್ಟರ ದಿನ.

ಟೈಲರಮ್ಮ ನೋಡಬೇಕೆನ್ನುತ್ತಿದ್ದಾರೆ ಎಂದು ಮಗಳಿಗೆ ಹೇಳಿ ಮೇಸ್ತ್ರಿಯವರನ್ನು ಕರೆದುಕೊಂಡು ಹೊರಟೆ. ಅದೂ ಸುಳ್ಳೇ. ನನ್ನ ಲೆಕ್ಕಾಚಾರ ಹೀಗಿತ್ತು: ಅವರು ಆ ಮೆಟ್ಟಿಲನ್ನು ಒಮ್ಮೆ ನೋಡಲಿ. ನನಗೆ ಕಲಿಸಿದವರು, ನೋಡಿದ ಕೂಡಲೇ ಇದು ಯಾರ ಕೈ ಎಂದು ಗೊತ್ತಾಗುತ್ತದೆ. ಆಗ ನಾನು ಬಾಯಿ ಬಿಡಬೇಕಾಗಿಲ್ಲ, ತಲೆ ತಗ್ಗಿಸಿದರೆ ಸಾಕು. ಹೇಡಿಗಳಿಗೂ ಬುದ್ಧಿ ಇರುತ್ತದೆ.

ಮೇಸ್ತ್ರಿ ಹಿತ್ತಲ ಕಡೆ ಹೋಗಲೇ ಇಲ್ಲ. ಮುಂದಿನ ಕೋಣೆಯಲ್ಲೇ ಟೈಲರಮ್ಮನ ಮುಂದೆ ನಿಂತು ಕೈ ಜೋಡಿಸಿದರು. "ತಪ್ಪಾಯ್ತು ತಾಯಿ. ಮಾಡಿದ್ದು ನೆನಪಿಲ್ಲ. ನೆನಪಿಲ್ಲ ಅಂತ ತಪ್ಪು ಕಮ್ಮಿ ಆಗಲ್ಲ." ಟೈಲರಮ್ಮ ಎಡಗೈ ಚಾಚಿ ಅವರ ಕೈ ಹುಡುಕಿ ಹಿಡಿದರು. "ಬಿಡಿ ಮೇಸ್ತ್ರಿ. ನಾನು ಆವತ್ತೇ ಕ್ಷಮಿಸಿಬಿಟ್ಟೆ."

ಕ್ಷಮೆ ಬೇಡಬೇಕಾದವಳು ನಾನು. ಬೇಡಿದವರು ಅವರು, ಪಡೆದವರೂ ಅವರೇ. ಇನ್ನು ಒಂದು ಕ್ಷಣ ಸುಮ್ಮನಿದ್ದರೆ ಅಲ್ಲಿಗೆ ಎಲ್ಲ ಮುಗಿದುಹೋಗುತ್ತಿತ್ತು, ನಾನು ಜೀವಮಾನವಿಡೀ ದೇವರು ಕಳಿಸಿದ ಮಗಳಾಗಿಯೇ ಉಳಿಯುತ್ತಿದ್ದೆ.

"ಅದು ಮಾಡಿದ್ದು ನಾನು" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. ಮೇಸ್ತ್ರಿ ನಕ್ಕರು. "ಸುಮ್ನಿರು ಮಗಳೇ. ನನ್ನ ಸಮಾಧಾನಕ್ಕೆ ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ?" ಟೈಲರಮ್ಮ, "ಇಂಥ ಮನಸ್ಸು ಎಲ್ಲರಿಗೂ ಬರಲ್ಲ" ಎಂದರು.

ನಾಲ್ಕು ಬೇಸಿಗೆ ಕಷ್ಟಪಟ್ಟು ಕಟ್ಟಿಕೊಂಡ ಒಳ್ಳೆಯ ಹೆಸರು ನನ್ನ ನಿಜವನ್ನು ನಂಬಲು ಬಿಡಲಿಲ್ಲ. ಚುಕ್ಕೆ ಚೀಟಿ, ಬಣ್ಣ ತರುವ ಸುಳ್ಳು, ನಾಲ್ಕು ಬೆರಳು, ಎಲ್ಲ ಹೇಳಿದೆ. ಹೇಳಿದಷ್ಟೂ ಮೇಸ್ತ್ರಿ ಮರುಕದಿಂದ ತಲೆಯಾಡಿಸಿದರು. ಕೊನೆಗೆ ಅವರ ತೋಳು ಹಿಡಿದು ಹೆಚ್ಚುಕಡಿಮೆ ಎಳೆದುಕೊಂಡೇ ಹಿಂಬಾಗಿಲಿಗೆ ಹೋದೆ. "ಮುಟ್ಟಿ ನೋಡಿ" ಎಂದೆ.

ಮೊಣಕಾಲು ಲಟಕ್ಕೆನ್ನಿಸುತ್ತಾ ಕುಳಿತರು. ಅಂಗೈಯನ್ನು ಮೆಟ್ಟಿಲ ಮೇಲಿಟ್ಟು ಮೆಲ್ಲಗೆ ಸವರಿದರು. ಒಮ್ಮೆ ಬಲಕ್ಕೆ. ನಿಂತಿತು. ಇನ್ನೊಮ್ಮೆ ಎಡಕ್ಕೆ. ಖಾಲಿ ಕೈಯಲ್ಲೇ ಕರಣೆ ಹಿಡಿದವರಂತೆ ಗಾಳಿಯಲ್ಲಿ ಎರಡು ಸಲ ಬಳಿದು ನೋಡಿದರು. ಮತ್ತೆ ಗಾರೆ ಸವರಿದರು.

"ಈ ತಿರುವು ನಂದಲ್ಲ" ಎಂದರು. ನನಗಲ್ಲ, ತಮಗೇ ಹೇಳಿಕೊಂಡರು. "ಕರಣೆ ಆ ಕಡೆಯಿಂದ ಬಂದಿದೆ. ಇದು ಎಡಗೈ." ಸ್ವಲ್ಪ ತಡೆದು, "ನಾನು ಮಾಡಿಲ್ಲ. ನಾನು ಮರೆತಿಲ್ಲ" ಎಂದರು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಎಪ್ಪತ್ತೆರಡು ವರ್ಷದ ಮನುಷ್ಯ ಅಳುವುದನ್ನು ನಾನು ನಿಂತು ನೋಡಿದೆ. ನನಗೆ ಆ ಶಿಕ್ಷೆ ಬೇಕಾಗಿತ್ತು.

ಎದ್ದಾಗ ಅವರ ಮುಖ ಬೇರೆಯಾಗಿತ್ತು. "ನಾಲ್ಕು ವಾರ ನನ್ನ ತಲೆಯನ್ನ ನಾನು ನಂಬಲಿಲ್ಲ. ನನ್ನ ಹೆಂಡತಿ ಸತ್ತ ದಿನದ ಮಳೆಯನ್ನೂ ನಂಬಲಿಲ್ಲ. ಮನೆಗೆ ಬಂದಾಗ ಕೇಳಿದೆ. ಆಗಲಾದ್ರೂ ಹೇಳಬಹುದಿತ್ತಲ್ಲ ಟೀಚರ್."

ಟೀಚರ್ ಎಂದರು.

ಟೈಲರಮ್ಮ ಗೋಡೆ ಹಿಡಿದು ಬಾಗಿಲವರೆಗೆ ಬಂದಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಯಾರಿಗೂ ಹೇಳದೆ ಮಾಡಿದ್ದು ಯಾಕೆ?" ಎಂದು ಕೇಳಿದರು.

"ದೇವರಿಗೆ ಮಾತ್ರ ಗೊತ್ತಿರಲಿ ಅಂತ."

"ದೇವರು ಆ ಮೆಟ್ಟಿಲು ಇಳಿಯಲ್ಲಮ್ಮ" ಎಂದರು. "ಇಳಿಯೋಳು ನಾನು."

ಕ್ಷಮಿಸಿ ಎಂದೆ. ಆವತ್ತೇ ಕ್ಷಮಿಸಿಬಿಟ್ಟೆ ಎಂದು ಮೇಸ್ತ್ರಿಗೆ ಹೇಳಿದಂತೆ ನನಗೆ ಹೇಳಲಿಲ್ಲ. "ಮೊದಲು ಬಿಚ್ಚು" ಎಂದರು. "ತಪ್ಪು ಹೊಲಿಗೆ ಹಾಕಿದವರೇ ಕೂತು ಬಿಚ್ಚಬೇಕು. ಬಿಚ್ಚಿದ ಬಟ್ಟೇಲಿ ಸೂಜಿ ತೂತು ಉಳಿಯುತ್ತೆ, ಅದು ಬೇರೆ ಮಾತು."

ಜೂನ್ 10, ಶುಕ್ರವಾರ

ಬೆಳಗಿನ ಕೂಟದಲ್ಲಿ ಸಭಾಪಾಲಕರ ಮುಂದೆ, ಎಲ್ಲರ ಮುಂದೆ ಹೇಳಿದೆ. ಎರಡು ನಿಮಿಷವೂ ಆಗಲಿಲ್ಲ. ನರ್ಸ್ ನನ್ನ ಮುಖ ನೋಡಲಿಲ್ಲ. ಸಭಾಪಾಲಕರು, "ಕೇಳಲ್ಲ ಅಂತ ನಾನು ಹೇಳಬಾರದಿತ್ತು" ಎಂದರು. ಎಡಗೈ ಕೆಲಸ ಇನ್ನು ಇಲ್ಲ ಎಂದು ನಾನೇ ಹೇಳಿ, ಚೀಟಿ ಚೆಲ್ಲಿ, ಡಬ್ಬಕ್ಕೆ ಮೊಳೆ ತುಂಬಿಟ್ಟೆ.

ಮೇಸ್ತ್ರಿಯ ಮಗಳು ಫೋನಿನಲ್ಲಿ ಬೈದಳು. ಎಷ್ಟು ಬೈದರೂ ನ್ಯಾಯವೇ. ಡಾಕ್ಟರ ಹತ್ತಿರ ಹೋಗಿಯೇ ಬಂದರಂತೆ. "ಈ ವಯಸ್ಸಲ್ಲಿ ಒಂದಿಷ್ಟು ಮರೆವು ಇದ್ದದ್ದೇ" ಎಂದರಂತೆ ಡಾಕ್ಟರು. ಹೊರಗೆ ಬಂದ ಮೇಸ್ತ್ರಿ ಮೊದಲು ಕೇಳಿದ್ದು ಸಾಮಾನಿನ ಚೀಲವನ್ನಂತೆ.

ಜೂನ್ 11, ಶನಿವಾರ

ಈ ಬೇಸಿಗೆಯ ಕೆಲಸದ ಕೊನೆಯ ದಿನ. ಬೆಳಿಗ್ಗೆ ಎಂಟಕ್ಕೆ ಸುತ್ತಿಗೆ, ಉಳಿ ಹಿಡಿದು ಟೈಲರಮ್ಮನ ಹಿತ್ತಲಿಗೆ ಹೋದೆ. ಮೇಸ್ತ್ರಿ ಆಗಲೇ ಅಲ್ಲಿದ್ದರು, ಮಗಳ ಜೊತೆ. ತಂಗಿಯೂ ರಜೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಕಾವಲು ನಿಂತಿದ್ದರು.

ಒಡೆಯುವ ಕೆಲಸ ಪೂರ್ತಿ ನನ್ನದೇ. ಗಾರೆ ಗಟ್ಟಿಯಾಗಿತ್ತು, ಚೆನ್ನಾಗಿಯೇ ಕಲಿಸಿದ್ದರು. ಹನ್ನೊಂದರ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ, ಹಳೆಯ ಮೆಟ್ಟಿಲು ಕಣ್ಣಿಗೆ ಬಿತ್ತು. ನಡುವೆ ಒಂದು ತಗ್ಗು, ನಲವತ್ತು ವರ್ಷದ ಅಂಗಾಲಿನ ತಗ್ಗು. ಆವತ್ತು ಕೊಳೆ ಎಂದು ಅದನ್ನೇ ಉಜ್ಜಿ ತೊಳೆದಿದ್ದೆ. ಉಳಿ ತಾಗಿ ಅಂಚಿನಲ್ಲಿ ಒಂದು ಚೂರು ಎದ್ದುಬಂತು.

"ಆ ಅಂಚು ಮುಚ್ಚಲಾ, ಹಾಗೇ ಬಿಡಲಾ?" ಎಂದು ಟೈಲರಮ್ಮನನ್ನು ಕೇಳಿದೆ. ಅವರು ಬಾಗಿಲಲ್ಲಿ ಕುಳಿತು ಬರಿಗಾಲಿನಿಂದ ಅದನ್ನು ತಡವಿ ನೋಡಿ, "ಮುಚ್ಚು, ಚುಚ್ಚುತ್ತೆ. ತಗ್ಗು ಮುಟ್ಟಬೇಡ" ಎಂದರು.

ಮೇಸ್ತ್ರಿ ಒಂದು ಹಿಡಿ ಗಾರೆ ಕಲಸಿದರು. ಕನ್ನಡಕಕ್ಕಾಗಿ ಜೇಬು ತಡಕಿದರು, ಚೀಲ ತಡಕಿದರು, ಜಗಲಿಯವರೆಗೂ ಹೋಗಿ ಬಂದರು. ಮಗಳ ಮುಖ ಸಣ್ಣದಾಯಿತು. ಕನ್ನಡಕ ಅವರ ಹಣೆಯ ಮೇಲೇ ಇತ್ತು. ಸಿಕ್ಕಿದಾಗ ಎಲ್ಲರನ್ನೂ ಒಮ್ಮೆ ನೋಡಿ, "ಇದು ಮಾತ್ರ ನಾನೇ ಮರೆತದ್ದು, ಬರ್ಕೊಳ್ಳಿ" ಎಂದರು. ತಂಗಿ ಮೊದಲು ನಕ್ಕರು, ಆಮೇಲೆ ಮಗಳು. ಮೇಸ್ತ್ರಿ ನನ್ನೆದುರು ಕುಳಿತು, "ಕರಣೆ ತಗೋ ಮಗಳೇ, ಅಂಚಿಗೆ ಮಾತ್ರ, ತೆಳ್ಳಗೆ" ಎಂದರು.

ಸಂಜೆ ಗಾರೆ ಬಿಗಿದ ಮೇಲೆ ಟೈಲರಮ್ಮ ಎದ್ದು ನಿಂತರು. ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡು, ಎಡಗೈಯಿಂದ ಬಾಗಿಲಿನ ಚೌಕಟ್ಟು ಹಿಡಿದರು. ಹಿಡಿದುಕೊಳ್ಳಲಾ ಎಂದು ಕೇಳಿದೆ. ಬೇಡ ಎಂದರು. ಬಹಳ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಚೌಕಟ್ಟು ಬಿಟ್ಟರು.

"ಉದ್ದ" ಎಂದರು. ಕಾಲು ಇಳಿಯಿತು, ತಗ್ಗಿನಲ್ಲಿ ಕೂತಿತು.

"ಗಿಡ್ಡ."

"ನೆಲ."